ಹಾಲಿನ ಲೆಕ್ಕದ ಕ್ಯಾಲೆಂಡರ್: ಮಗುವಿನ ಕಸ್ಟಡಿ ವಿಚಾರಣೆಗೆ ತಯಾರಾಗುವ ಬಗ್ಗೆ

ದಾವಣಗೆರೆಯಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿ ಸೇರಿದ್ದ ಒಂದು ಸಭೆಯಲ್ಲಿ ವಕೀಲೆಯಾಗಿ ನಾನು ಆಡಿದ ಮಾತುಗಳಿವು. ಬರಲಾಗದವರು ಕೇಳಿದ್ದರಿಂದ ಬರೆದು ಕೊಡುತ್ತಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಕೇಸುಗಳಲ್ಲಿ ಬರುವವರ ಊರು, ಗುರುತು ಬದಲಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಬಿಸಿಲಲ್ಲಿ ಹೊನ್ನಾಳಿ, ಜಗಳೂರು, ಹರಿಹರದಿಂದೆಲ್ಲ ಬಸ್ಸು ಹತ್ತಿ ಬಂದಿದ್ದೀರಿ. ಕೆಲವರ ಪಕ್ಕದಲ್ಲಿ ಮಕ್ಕಳು ಕೂತಿದ್ದಾರೆ. ಅವರ ಮುಂದೆ ಈ ಮಾತು ಬೇಡ. ಹೊರಗೆ ವರಾಂಡದಲ್ಲಿ ಇಬ್ಬರು ಅಕ್ಕಂದಿರು ಬಣ್ಣದ ಪೆನ್ಸಿಲ್ಲು, ಹಾಳೆ ಇಟ್ಟುಕೊಂಡು ಕೂತಿದ್ದಾರೆ. ಮಾತು ಅರ್ಥವಾಗುವ ವಯಸ್ಸಿನ ಮಕ್ಕಳನ್ನೆಲ್ಲ ಅಲ್ಲಿಗೆ ಕಳಿಸಿ. ನಾನು ಕಾಯುತ್ತೇನೆ.

ಸರಿ. ಈಗ ಮಾತಾಡೋಣ.

'ಮಗೂನ ಅವರ ಹತ್ರ ಕಳಿಸಿದ್ರೆ ನನಗೆ ಜೀವ ನಿಲ್ಲಲ್ಲ ಮೇಡಂ.' ನನ್ನ ಆಫೀಸಿಗೆ ಬರುವವರಲ್ಲಿ ಎಷ್ಟೋ ಜನ ಕುರ್ಚಿಯಲ್ಲಿ ಕೂರುವ ಮೊದಲೇ ಇದನ್ನು ಹೇಳುತ್ತಾರೆ. ತಾಯಂದಿರು ಹೇಳುತ್ತಾರೆ, ತಂದೆಯರೂ ಹೇಳುತ್ತಾರೆ, ಅಜ್ಜ-ಅಜ್ಜಿಯರೂ ಹೇಳುತ್ತಾರೆ. ನಾನು ನಂಬುತ್ತೇನೆ. ಸಾಕಿದವರ ಹೊಟ್ಟೆಯಲ್ಲಿ ಭಯ ಸುಮ್ನೆ ಹುಟ್ಟುವುದಿಲ್ಲ. ಆದರೆ ಜಡ್ಜ್ ಸಾಹೇಬರ ಮುಂದೆ ಎದುರಿನವರೂ ಹೀಗೇ ಅಳುತ್ತಾರೆ. ಅವರಿಗೂ ಜೀವ ನಿಲ್ಲುವುದಿಲ್ಲ. ಎರಡು ಅಳುವಿನ ಮಧ್ಯೆ ಕೂತವರಿಗೆ ತಕ್ಕಡಿಯಲ್ಲಿ ಹಾಕಿ ನೋಡಲು ಏನಾದರೂ ಬೇಕಲ್ವಾ? ಅದು ಏನು, ಹೇಗೆ ಕೂಡಿಡಬೇಕು ಅನ್ನುವುದಷ್ಟೇ ಇವತ್ತಿನ ಮಾತು.

ಕಾನೂನು ಬೇಗ ಹೇಳಿಬಿಡುತ್ತೇನೆ. ಮಗು ತನ್ನ ಸುಪರ್ದಿಗೆ ಬೇಕು ಅನ್ನುವ ಅರ್ಜಿ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಹೋಗುತ್ತದೆ. ಕೋರ್ಟಿನಲ್ಲಿ ಎಲ್ಲರೂ 'ಜಿ ಅಂಡ್ ಡಬ್ಲ್ಯು' ಅನ್ನುತ್ತಾರೆ. ಮಗು ಮಾಮೂಲಾಗಿ ವಾಸ ಇರುವ ಊರಿನ ಕೋರ್ಟಿನಲ್ಲೇ ಹಾಕಬೇಕು. ಹಿಂದೂ ದಂಪತಿಯ ಡೈವೋರ್ಸ್ ಕೇಸು ಆಗಲೇ ನಡೆಯುತ್ತಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಅಲ್ಲೇ ಕೇಳಬಹುದು. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 6ನೇ ಕಲಮಿನಲ್ಲಿ, ಐದು ವರ್ಷ ತುಂಬದ ಮಗು 'ಸಾಮಾನ್ಯವಾಗಿ' ತಾಯಿಯ ಬಳಿ ಇರಬೇಕು ಅಂತಿದೆ. ಈ ಒಂದು ಮಾತಿನ ಮೇಲೆ ಎರಡೂ ಕಡೆಯವರು ಮೋಸ ಹೋಗುತ್ತಾರೆ. ತಾಯಿ, ಐದು ವರ್ಷದವರೆಗೆ ಯಾರೂ ಮುಟ್ಟಲ್ಲ ಅಂದುಕೊಳ್ಳುತ್ತಾಳೆ. ತಂದೆ, ಐದು ತುಂಬಿದ ಮಾರನೇ ದಿನ ಮಗು ತನಗೆ ಅಂದುಕೊಳ್ಳುತ್ತಾನೆ. ಎರಡೂ ತಪ್ಪು. ಮಕ್ಕಳು ಅಪ್ಪ-ಅಮ್ಮನ ಸೊತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

ಇನ್ನು ಒಂದು ಕ್ಯಾಲೆಂಡರಿನ ವಿಷಯ.

ಹರಿಹರದ ಕಡೆಯಿಂದ ಒಬ್ಬ ತಂಗಿ ಬಂದಿದ್ದಳು. ಆರು ವರ್ಷದ ಮಗ. ಗಂಡ ಬೇರೆ ಇದ್ದ. ಶನಿವಾರ ಸಂಜೆ ಮಗನನ್ನು ಕರೆದುಕೊಂಡು ಹೋಗಿ ಭಾನುವಾರ ರಾತ್ರಿ ತಂದು ಬಿಡುತ್ತಿದ್ದ. ಅವನ ಕುಡಿತ ಜಾಸ್ತಿಯಾಗಿತ್ತು. ಸಾಕ್ಷಿ ಏನಿದೆಯಮ್ಮ ಅಂದರೆ, 'ಏನೂ ಇಲ್ಲ ಮೇಡಂ, ನನ್ನ ಮಾತೇ ಸಾಕ್ಷಿ' ಅಂದಳು. ಮೂರನೇ ಸಲ ಬಂದಾಗ ಮಾತಿನ ಮಧ್ಯೆ, 'ಅವತ್ತು ಯಾವ ತಾರೀಖು ಅಂತ ಹಾಲಿನ ಕ್ಯಾಲೆಂಡರ್ ನೋಡಿ ಹೇಳ್ತೀನಿ' ಅಂದಳು. ಯಾವ ಕ್ಯಾಲೆಂಡರ್ ಅಂತ ಕೇಳಿದೆ.

ಮಾರನೇ ದಿನ ಸುರುಳಿ ಸುತ್ತಿ ತಂದಳು. ಕಿರಾಣಿ ಅಂಗಡಿಯವರು ಕೊಟ್ಟ ಗೋಡೆ ಕ್ಯಾಲೆಂಡರ್. ಮೊಳೆಗೆ ಸಿಕ್ಕಿಸಿ ಸಿಕ್ಕಿಸಿ ಮೇಲಿನ ತೂತು ಹರಿದಿತ್ತು. ಮೂಲೆಯಲ್ಲಿ ಒಗ್ಗರಣೆ ಎಣ್ಣೆಯ ಕಲೆ. ಒಂದೊಂದು ತಾರೀಖಿನ ಚೌಕದಲ್ಲೂ 'ಅರ್ಧ', 'ಒಂದು', 'ಬಂದಿಲ್ಲ' ಅಂತ ಹಾಲಿನ ಲೆಕ್ಕ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ. 'ರಾತ್ರಿ 9.40ಕ್ಕೆ ಬಿಟ್ಟರು, ವಾಸನೆ.' 'ಎರಡು ಗಂಟೆಗೆ ಎದ್ದು ಅತ್ತ, ಹಾಸಿಗೆ ಒದ್ದೆ.' 'ಮೊಣಕೈ ಕಂದಿದೆ, ಗಾಡಿಯಿಂದ ಬಿದ್ದೆ ಅಂದ.' 'ಅಪ್ಪ ಹೊಸ ಶೂ ಕೊಡಿಸಿದ್ರು, ಹಾಕ್ಕೊಂಡೇ ಮಲಗಿದ.' 'ಇವತ್ತು ಏನೂ ಇಲ್ಲ, ಚೆನ್ನಾಗಿದ್ದ.' ಒಂದು ಕಡೆ ನೀಲಿ ಪೆನ್ನು, ಒಂದು ಕಡೆ ಕೆಂಪು, ಒಂದು ವಾರವಿಡೀ ಮಗನ ಪೆನ್ಸಿಲ್ಲು. ಹದಿನಾಲ್ಕು ತಿಂಗಳ ಬರಹ.

ಪಾಟೀಸವಾಲಿನಲ್ಲಿ ಎದುರಿನ ವಕೀಲರು, 'ಇದನ್ನೆಲ್ಲ ಕೇಸಿಗೋಸ್ಕರ ಒಂದೇ ದಿನ ಕೂತು ಬರೆದಿದ್ದೀರಿ' ಅಂದರು. ಅದು ಅವರ ಕೆಲಸ, ತಪ್ಪಲ್ಲ. ಅವಳು, 'ಹಾಲಿನವರನ್ನು ಕೇಳಿ ಸಾರ್, ಲೆಕ್ಕ ತಾಳೆ ಆಗುತ್ತೆ' ಅಂದಳು. ಸಾಹೇಬರು ಕ್ಯಾಲೆಂಡರನ್ನು ತರಿಸಿಕೊಂಡು ಒಂದೊಂದೇ ಹಾಳೆ ತಿರುವಿದರು. ಶೂ ಬರೆದಿದ್ದ ಹಾಳೆಯಲ್ಲಿ ನಿಂತರು. 'ಇದನ್ನೂ ನೀವೇ ಬರೆದಿದ್ದಾ?' 'ಹೌದು ಸಾರ್. ಅವತ್ತು ಅವನು ಖುಷಿಯಾಗಿದ್ದ.'

ಕೇಸು ಮುಗಿಯುವವರೆಗೆ ಅಂತ ಮಧ್ಯಂತರ ಆದೇಶ ಬಂತು. ರಾತ್ರಿ ಉಳಿಸಿಕೊಳ್ಳುವುದು ನಿಂತಿತು. ತಿಂಗಳಿಗೆ ಎರಡು ಶನಿವಾರ, ಹಗಲಲ್ಲಿ ಮಾತ್ರ, ಹುಡುಗನ ಸೋದರತ್ತೆಯ ಮನೆಯಲ್ಲಿ, ಆಕೆ ಎದುರಿಗಿದ್ದಾಗ ಅಪ್ಪ ನೋಡಬಹುದು ಅಂತ ಆಯಿತು. ಸೋದರತ್ತೆಯ ಹೆಸರು ಕೊಟ್ಟವಳು ನನ್ನ ಕಕ್ಷಿದಾರಳೇ. 'ಅವರ ಅಕ್ಕ ಒಳ್ಳೆಯವರು ಮೇಡಂ, ನನ್ನ ಮಗನ್ನ ಬಿಟ್ಟುಕೊಡಲ್ಲ' ಅಂದಿದ್ದಳು.

ಆ ಕ್ಯಾಲೆಂಡರ್ ಕೋರ್ಟಿನಲ್ಲಿ ಸಾಕ್ಷಿಯಾಗಿ ಯಾಕೆ ನಿಂತಿತು ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ಗಂಡನ ಕೆಟ್ಟದ್ದನ್ನು ಬರೆದಿದ್ದಕ್ಕಲ್ಲ. ಅಂಥದ್ದನ್ನು ಎಲ್ಲರೂ ಬರೆದು ತರುತ್ತಾರೆ. ಅವಳು ಒಳ್ಳೆಯದನ್ನೂ ಬರೆದಿದ್ದಳು, ಏನೂ ಆಗದ ದಿನವನ್ನೂ ಬರೆದಿದ್ದಳು. 'ಕುಡಿದಿದ್ದರು' ಅಂತ ಬರೆಯಲಿಲ್ಲ, 'ವಾಸನೆ' ಅಂತ ಬರೆದಳು. 'ಹೊಡೆದರು' ಅಂತ ಬರೆಯಲಿಲ್ಲ, 'ಕಂದಿದೆ, ಬಿದ್ದೆ ಅಂದ' ಅಂತ ಬರೆದಳು. ಕಂಡದ್ದು ಎಷ್ಟೋ ಅಷ್ಟೇ. ಅದಕ್ಕೇ ಅವಳು ಬರೆದ ಕೆಟ್ಟದ್ದನ್ನೂ ನಂಬಬೇಕಾಯಿತು.

ಹಾಗಾಗಿ ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಗುವಿನ ಬಗ್ಗೆ ನಿಮಗಿರುವ ಭಯವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆದಾದ ಮೇಲೆ ಪ್ರತಿ ಸಾಲಿನ ಮುಂದೆ ಗುರುತು ಹಾಕಿ. ಇದು ನಾನೇ ಕಣ್ಣಾರೆ ಕಂಡದ್ದಾ, ಮಗು ಅಥವಾ ಬೇರೆಯವರು ಹೇಳಿದ್ದಾ, ಇಲ್ಲ ನನ್ನ ಊಹೆಯಾ? ಊಹೆ ಇರುವುದು ತಪ್ಪಲ್ಲ. ಊಹೆಯನ್ನು ಕಂಡದ್ದು ಅಂತ ಕೋರ್ಟಿಗೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್‌ನಲ್ಲಿ ಹಾಕುವುದು ತಪ್ಪು.

'ದಿನಾ ಕುಡಿದು ಬಂದು ಹೊಡೀತಾನೆ' ಅಂತ ಒಬ್ಬರು ಬರೆಸಿದ್ದರು. ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆ ಬಂತು. 'ಅಯ್ಯಪ್ಪನ ಮಾಲೆ ಹಾಕಿದ್ದಾಗಲೂ ಕುಡೀತಿದ್ರಾ?' ಆಕೆ ತಡವರಿಸಿದರು. ಹೊಡೆದದ್ದು ನಿಜ, ಕುಡಿದದ್ದು ನಿಜ. 'ದಿನಾ' ಅನ್ನುವ ಎರಡಕ್ಷರ ನಿಜವಾಗಿರಲಿಲ್ಲ. ಆ ಎರಡಕ್ಷರ ಉಳಿದದ್ದನ್ನೂ ನುಂಗಿತು. ಆಮೇಲೆ ನಾನು ಯಾರ ಅಫಿಡವಿಟ್ ಬರೆದರೂ 'ಯಾವಾಗಲೂ', 'ದಿನಾ', 'ಒಂದು ದಿನವೂ' ಅನ್ನುವ ಪದಗಳನ್ನು ಹುಡುಕಿ ತೆಗೆದು, ಆ ಜಾಗದಲ್ಲಿ ತಾರೀಖು ಹಾಕುತ್ತೇನೆ.

ಕಾಗದಪತ್ರದ ವಿಷಯಕ್ಕೆ ಬರೋಣ. ಮಗುವಿಗೆ ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ವಕೀಲರು. ಇಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗಾದರೂ ಹೋಗಿ, ನಿಮ್ಮ ತಾಲ್ಲೂಕು ಆಸ್ಪತ್ರೆಗಾದರೂ ಹೋಗಿ. ಹೇಗಾಯಿತು ಅಂತ ಡಾಕ್ಟರು ಕೇಳಿದಾಗ, ಗಂಡನ ಮನೆಯ ಮರ್ಯಾದೆ ಅಂತ 'ಜಾರಿಬಿದ್ದ' ಅನ್ನಬೇಡಿ. ಆ ಚೀಟಿಯಲ್ಲಿ 'ಜಾರಿಬಿದ್ದ' ಅಂತ ಬಿದ್ದರೆ ಮುಂದೆ ಅಳಿಸಲು ಆಗುವುದಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಅಪ್ಪನ ಮನೆಯಿಂದ ಬಂದಾಗ ಹೀಗಿತ್ತು' ಅನ್ನಿ. ಹೊರರೋಗಿ ಚೀಟಿ, ಔಷಧಿ ಬಿಲ್ಲು, ಎಕ್ಸ್‌ರೇ ಎಲ್ಲ ಇಟ್ಟುಕೊಳ್ಳಿ. ಠಾಣೆಗೆ ಅರ್ಜಿ ಕೊಟ್ಟಿದ್ದರೆ, ಅದಕ್ಕೆ ಅವರು ಬರೆದುಕೊಡುವ ಹಿಂಬರಹ ಕೇಳಿ ಪಡೆಯಿರಿ. ಬಾಯಿಮಾತಿನಲ್ಲಿ ರಾಜಿ ಮಾಡಿ ಕಳಿಸಿದರೆ ಕೋರ್ಟಿನ ಮಟ್ಟಿಗೆ ನೀವು ಠಾಣೆಗೆ ಹೋಗಿಯೇ ಇಲ್ಲ.

ಶಾಲೆಯ ಹಾಜರಿಯನ್ನು ಜನ ಮರೆಯುತ್ತಾರೆ. ಸೋಮವಾರ ಸೋಮವಾರ ಮಗು ಶಾಲೆ ತಪ್ಪಿಸುತ್ತಿದ್ದರೆ ಅದು ಏನನ್ನೋ ಹೇಳುತ್ತಿರುತ್ತದೆ. ಮಗುವನ್ನು ಯಾರು ಶಾಲೆಗೆ ಬಿಡುತ್ತಾರೆ, ಪೋಷಕರ ಸಭೆಗೆ ಯಾರು ಸಹಿ ಹಾಕಿದ್ದಾರೆ, ಲಸಿಕೆ ಹಾಕಿಸಿದ ತಾಯಿ ಕಾರ್ಡ್ ಯಾರ ಹತ್ರ ಇದೆ ಅನ್ನುವುದೆಲ್ಲ ಸಣ್ಣದಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಇಂಥ ಕಾಗದಗಳಿಗೆ ಬಾಗಿಲು ತೆರೆದಿಟ್ಟಿದೆ. ವಿಷಯ ತಿಳಿಯಲು ಸಹಾಯ ಆಗುತ್ತದೆ ಅನ್ನಿಸಿದರೆ, ಸಾಕ್ಷ್ಯದ ಕಾನೂನಿನ ಕಟ್ಟುನಿಟ್ಟಿಗೆ ಹೊಂದದ ದಾಖಲೆಯನ್ನೂ ಕೋರ್ಟು ನೋಡಬಹುದು. ಇಲ್ಲದಿದ್ದರೆ ಹಾಲಿನ ಕ್ಯಾಲೆಂಡರಿಗೆ ಅಷ್ಟು ಬೆಲೆ ಎಲ್ಲಿ?

ವಾಟ್ಸಾಪ್ ಮೆಸೇಜು, ಫೋನ್ ರೆಕಾರ್ಡಿಂಗ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ಉಳಿದದ್ದನ್ನು ಅಳಿಸಬೇಡಿ. ನಿಮಗೆ ಹಿಡಿಸದ ಮೆಸೇಜೂ ಇರಲಿ, ಪೂರ್ತಿ ಇರಲಿ. ಆ ಫೋನನ್ನು ಮಾರಬೇಡಿ, ಎಕ್ಸ್‌ಚೇಂಜಿಗೆ ಹಾಕಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇವುಗಳ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ನೀವು ಫೋನ್ ಉಳಿಸಿಕೊಳ್ಳಿ, ಅಷ್ಟು ಸಾಕು.

ಸಾಕ್ಷಿ ಹೇಳುವವರು ಯಾರು? ತವರಿನ ನಾಲ್ಕು ಜನಕ್ಕಿಂತ ಯಾರ ಪರವೂ ಅಲ್ಲದ ಒಬ್ಬರು ಮೇಲು. ಪಕ್ಕದ ಮನೆಯವರು, ಅಂಗನವಾಡಿ ಟೀಚರು, ಶಾಲೆಯ ಆಟೋ ಓಡಿಸುವ ಅಣ್ಣ. ಅವರಿಗೆ ಏನು ಹೇಳಬೇಕು ಅಂತ ಹೇಳಿಕೊಡಬೇಡಿ. ಕಂಡದ್ದನ್ನು ಹೇಳಿ ಅನ್ನಿ.

ಈಗ ನನಗೆ ಇವತ್ತಿಗೂ ನೋವು ಕೊಡುವ ವಿಷಯ. ವಕೀಲಿ ಶುರು ಮಾಡಿದ ಹೊಸತು. ಏಳು ವರ್ಷದ ಹುಡುಗಿ. ಅವಳನ್ನು ಮಾತಾಡಿಸಲು ಸಾಹೇಬರು ತಮ್ಮ ಕೋಣೆಗೆ, ಅಂದರೆ ಚೇಂಬರಿಗೆ, ಕರೆದರು. ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ಕೋರ್ಟು ಗಮನಿಸಬಹುದು ಅಂತ 1890ರ ಕಾಯ್ದೆಯ 17ನೇ ಕಲಂ ಹೇಳುತ್ತದೆ, ಇಂಥದ್ದೇ ವಯಸ್ಸು ಅಂತಿಲ್ಲ. ಆ ಕೂಸು ಒಳಗೆ ಹೋಗಿ ಕೈಕಟ್ಟಿ ನಿಂತು, 'ನನ್ನ ತಂದೆಯವರು ನನ್ನ ಯೋಗಕ್ಷೇಮ ನೋಡುವುದಿಲ್ಲ' ಅಂದಿತಂತೆ. ಸಾಹೇಬರು ಮೆತ್ತಗೆ ಕೇಳಿದರಂತೆ, 'ಯೋಗಕ್ಷೇಮ ಅಂದ್ರೇನು ಪುಟ್ಟಿ?' ಮಗು ಬಾಗಿಲ ಕಡೆ ನೋಡಿ ಅಳಲು ಶುರು ಮಾಡಿತು. ಹೇಳಿಕೊಟ್ಟು ಕಳಿಸಿದಂತಿದೆ ಅಂತ ಆದೇಶದಲ್ಲಿ ಬಂತು. ಆ ಮಗುವಿನ ಬೆನ್ನಿನ ಮೇಲೆ ಬೆಲ್ಟಿನ ಗುರುತು ಇದ್ದದ್ದು ನಿಜ. ನಾನೇ ನೋಡಿದ್ದೆ. ಅದನ್ನು ನಂಬಿಸಲು ಆಮೇಲೆ ನಮಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ತಾಯಿಯದು ತಪ್ಪಲ್ಲ. ಹೇಳಿಕೊಡಬೇಡಿ ಅಂತ ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಮಗುವಿಗೆ ಹೇಳಿಕೊಡಬೇಡಿ. ಅಪ್ಪನ ಮನೆಯಿಂದ ಬಂದ ತಕ್ಷಣ ಬಾಗಿಲಲ್ಲೇ ನಿಲ್ಲಿಸಿ ಏನು ಮಾಡಿದ, ಏನು ತಿನ್ನಿಸಿದ, ಯಾರಿದ್ದರು ಅಂತ ಕೇಳಬೇಡಿ. ಕೈಕಾಲು ತೊಳೆಸಿ, ಊಟ ಕೊಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. 'ಆಮೇಲೆ?' ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಬೇಡ. ಅದು ಮಲಗಿದ ಮೇಲೆ ಅದರ ಮಾತನ್ನು ಅದರದೇ ಪದಗಳಲ್ಲಿ ಬರೆದಿಡಿ. ಚೇಂಬರಿಗೆ ಹೋಗುವ ದಿನ ಇಷ್ಟೇ ಹೇಳಿ: 'ಒಬ್ಬರು ದೊಡ್ಡವರು ನಿನ್ನ ಮಾತಾಡಿಸ್ತಾರೆ. ಇದ್ದದ್ದು ಹೇಳು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಏನು ಹೇಳಿದ್ರೂ ನಾನು ಸಿಟ್ಟು ಮಾಡಲ್ಲ.' ಕೊನೆಯ ಮಾತು ಮನಸ್ಸಿನಿಂದ ಬರಬೇಕು. ಮಕ್ಕಳಿಗೆ ಗೊತ್ತಾಗುತ್ತದೆ.

ಲೈಂಗಿಕ ಕಿರುಕುಳದ ಅನುಮಾನ ಇದ್ದರೆ ದಾರಿ ಬೇರೆ. ಅಲ್ಲಿ ಕಸ್ಟಡಿ ಕೇಸಿನ ಡೇಟ್ ಕಾಯುತ್ತ ಕೂರಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ಹೆಣ್ಣುಮಗುವಾದರೆ ಪರೀಕ್ಷೆ ಮಾಡುವುದು ಮಹಿಳಾ ಡಾಕ್ಟರೇ ಆಗಿರಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ಮೊಬೈಲ್ ಹಿಡಿದು ಮಗುವಿನಿಂದ ಮತ್ತೆ ಮತ್ತೆ ಹೇಳಿಸಿ ವಿಡಿಯೋ ಮಾಡಬೇಡಿ. ಅದು ಮಗುವಿಗೂ ಹಿಂಸೆ, ಕೇಸಿಗೂ ಪೆಟ್ಟು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಕಸ್ಟಡಿಯಲ್ಲಿ ಗೆಲ್ಲಬೇಕು ಅಂತ ಈ ಆರೋಪವನ್ನು ಯಾರೂ ಕಟ್ಟಬಾರದು. ಹಗೆಯಿಂದ ಸುಳ್ಳು ದೂರು ಕೊಟ್ಟವರಿಗೆ ಅದೇ ಕಾಯ್ದೆಯ 22ನೇ ಕಲಂ ಶಿಕ್ಷೆ ಇಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ನಿಜವಾಗಿ ನೊಂದ ಮಗು ಬಂದಾಗ ಜನ ನಂಬದೆ ಹೋಗುತ್ತಾರೆ.

ಮನೆಯಲ್ಲಿ ನಿಮಗೂ ಹೊಡೆತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಮ್ಯಾಜಿಸ್ಟ್ರೇಟ್ ಕೋರ್ಟು ಮಗುವಿನ ತಾತ್ಕಾಲಿಕ ಕಸ್ಟಡಿಯನ್ನು ನಿಮಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಕೆಡುಕು ಅನ್ನಿಸಿದರೆ ಭೇಟಿ ಬೇಡ ಅಂತಲೂ ಹೇಳಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಈ ಕಾಯ್ದೆಯಡಿ ನಿಮಗೆ ನೆರವಾಗುವ ರಕ್ಷಣಾಧಿಕಾರಿ. ಸಿಡಿಪಿಒ ಆಫೀಸ್ ಅಂದರೆ ಅಂಗನವಾಡಿಯವರು ದಾರಿ ತೋರಿಸುತ್ತಾರೆ.

ಇನ್ನು, ಕೋರ್ಟಿನಿಂದ ನಿಮಗೆ ಏನು ಬೇಕು? ಇದನ್ನು ಕೇಳಿದರೆ ಎಲ್ಲರೂ 'ಮಗು ನನಗೆ ಬೇಕು, ಅವರ ಮುಖ ನೋಡೋದೂ ಬೇಡ' ಅನ್ನುತ್ತಾರೆ. ಕೆಲವು ಕೇಸಿನಲ್ಲಿ ಅದೇ ಸರಿ. ಹೆಂಡತಿಯ ಸಾವಿನ ಕೇಸಿನಲ್ಲಿ ಆರೋಪಿಯಾಗಿದ್ದ ತಂದೆಗೆ ಕೆಳಗಿನ ಕೋರ್ಟುಗಳು ಕೊಟ್ಟಿದ್ದ ಮಗನನ್ನು ಸುಪ್ರೀಂ ಕೋರ್ಟ್ 2008ರಲ್ಲಿ ತಾಯಿಯ ಅಪ್ಪ-ಅಮ್ಮನಿಗೇ ಒಪ್ಪಿಸಿತು. ಅಂಥ ಕ್ರಿಮಿನಲ್ ಕೇಸನ್ನು ನೋಡದೆ ಮಗುವಿನ ಹಿತ ತೀರ್ಮಾನಿಸಲಾಗದು ಅಂದಿತು. ಆದರೆ ಎಲ್ಲ ಕೇಸೂ ಅಂಥದ್ದಲ್ಲ. ನಿಮ್ಮ ಭಯ ಯಾವುದರ ಬಗ್ಗೆ ಇದೆಯೋ ಅದಕ್ಕೆ ತಕ್ಕ ಬೇಲಿ ಕೇಳಿ. ಕುಡಿದು ಗಾಡಿ ಓಡಿಸುವುದು ಭಯವಾದರೆ, ಬೈಕಲ್ಲಿ ಕೂರಿಸಬಾರದು, ರಾತ್ರಿ ಉಳಿಸಿಕೊಳ್ಳಬಾರದು ಅಂತ ಕೇಳಿ. ಕರೆದುಕೊಂಡು ಹೋಗಿ ವಾಪಸ್ ತರುವುದಿಲ್ಲ ಅನ್ನುವ ಭಯವಾದರೆ, ಭೇಟಿ ಕೋರ್ಟಿನ ಆವರಣದಲ್ಲೇ ಆಗಲಿ ಅನ್ನಿ. ಮಗಳಿಗೆ ಹದಿನೈದಕ್ಕೇ ಮದುವೆ ಮಾಡಿಬಿಡುತ್ತಾರೆ ಅನ್ನುವ ಭಯವಾದರೆ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮೊದಲೇ ತಡೆಯಾಜ್ಞೆ ತರಬಹುದು. ವಿಡಿಯೋ ಕಾಲ್ ಮಾತ್ರ ಸಾಕು ಅನ್ನುವ ಕೇಸುಗಳೂ ಇವೆ. ಹೀಗೆ ಅಳೆದು ಕೇಳಿದವರ ಮಾತಿಗೆ ಕೋರ್ಟಿನಲ್ಲಿ ಹೆಚ್ಚು ಬೆಲೆ ಸಿಗುವುದನ್ನು ನಾನು ನೋಡಿದ್ದೇನೆ.

ಆರೋಪ ಹೊತ್ತವರೂ ಇಲ್ಲಿ ಕೂತಿರಬಹುದು. ಹಿಂದೆ ಇಬ್ಬರು ಅಣ್ಣಂದಿರು ಕಾಣುತ್ತಿದ್ದಾರೆ. ನಿಮಗೂ ಇದೇ ಮಾತು. ಕೂಗಾಡಬೇಡಿ. ಕೋರ್ಟು ಕೊಟ್ಟ ಭೇಟಿ ಎಷ್ಟೇ ಸಣ್ಣದಿರಲಿ, ಒಂದನ್ನೂ ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಬಿಡಿ. ಕುಡಿತದ ಮಾತು ನಿಜವಿದ್ದರೆ ಒಪ್ಪಿಕೊಂಡು ಚಿಕಿತ್ಸೆಯ ಚೀಟಿ ತನ್ನಿ. ಅಲ್ಲಗಳೆದು ಸಿಕ್ಕಿಬಿದ್ದವರಿಗಿಂತ ಒಪ್ಪಿಕೊಂಡು ಬದಲಾದವರು ಮಗುವಿಗೆ ಬೇಗ ಹತ್ತಿರವಾಗಿದ್ದಾರೆ.

ವಿಚಾರಣೆಯ ದಿನ ಹತ್ತೂವರೆಗೆ ಮುಂಚೆ ಕೋರ್ಟಿನಲ್ಲಿರಿ. ಕರೆದಿದ್ದರೆ ಮಾತ್ರ ಮಗುವನ್ನು ತನ್ನಿ. ತಂದರೆ ಡಬ್ಬಿಯಲ್ಲಿ ಮಂಡಕ್ಕಿಯೋ ಚಪಾತಿಯೋ ಇರಲಿ, ನೀರಿರಲಿ, ಒಂದು ಆಟದ ಸಾಮಾನು ಇರಲಿ. ಸಂಜೆಯಾದರೂ ಆಗಬಹುದು. ಕಾರಿಡಾರಿನಲ್ಲಿ ಎದುರಿನವರ ಜೊತೆ ಮಾತಿಗೆ ಮಾತು ಬೆಳೆಸಬೇಡಿ, ಮಗುವಿನ ಕೈ ಆ ಕಡೆ ಈ ಕಡೆ ಎಳೆಯಬೇಡಿ. ಎಲ್ಲರ ಮುಂದೆ ಹೇಳಲು ಆಗದ ವಿಷಯವಿದ್ದರೆ ಮುಚ್ಚಿದ ಬಾಗಿಲ ವಿಚಾರಣೆ ಕೇಳಿ. ಕೌಟುಂಬಿಕ ನ್ಯಾಯಾಲಯದಲ್ಲಿ ಎರಡು ಕಡೆಯಲ್ಲಿ ಒಬ್ಬರು ಕೇಳಿದರೂ ಸಾಕು, ಕೊಡಲೇಬೇಕು. ಆಪ್ತ ಸಮಾಲೋಚಕರ ಹತ್ರ ಇಬ್ಬರನ್ನೂ ಒಟ್ಟಿಗೆ ಕೂರಿಸುವಾಗ ಭಯವಾದರೆ ಬೇರೆ ಬೇರೆ ಕೂರಿಸಿ ಅಂತ ಬಾಯಿಬಿಟ್ಟು ಹೇಳಿ. ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಫೋನ್ ನಂಬರ್ 15100.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು. 'ಎಲ್ಲ ಮಾಡಿದ್ವಿ ಅನ್ನವ್ವ. ಆದ್ರೂ ಕೂಸನ್ನ ಅವರಿಗೇ ಕೊಟ್ರೆ?'

ಅಜ್ಜಿ, ಕೊಡಬೇಕು. ಬಚ್ಚಿಡಬಾರದು, ಬೇರೆ ಊರಿಗೆ ಕಳಿಸಬಾರದು. ಆದೇಶ ಮೀರಿದವರು ಅನ್ನುವ ಹೆಸರು ಬಂದರೆ ಮುಂದಿನ ಸಲ ನಿಮ್ಮ ನಿಜವೂ ಕೇಳಿಸುವುದಿಲ್ಲ. ಕೊನೆಯ ತೀರ್ಪಾದರೆ 30 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ ಅಪೀಲು ಹಾಕಬಹುದು. ಮಧ್ಯಂತರ ಆದೇಶವಾದರೆ ಬದಲಿಸಿ ಅಂತ ಅದೇ ಕೋರ್ಟಿನಲ್ಲಿ ಅರ್ಜಿ ಕೊಡಬಹುದು. ಕಸ್ಟಡಿ ಆದೇಶ ಜಮೀನಿನ ಡಿಕ್ರಿಯಂತೆ ಕಲ್ಲಿನ ಮೇಲೆ ಕೊರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಕೇಳಬಹುದು. ಅಲ್ಲಿಯವರೆಗೆ ಕೂಸು ನಿಮ್ಮ ಹತ್ರ ಬಂದ ದಿನ, ಹೋದ ದಿನ, ಹೇಗಿತ್ತು, ಏನು ತಿಂತು ಎಲ್ಲ ಬರೆದಿಡಿ. ನಿಮಗೆ ಬರೆಯಲು ಬಾರದಿದ್ದರೆ ಪಕ್ಕದ ಮನೆ ಹುಡುಗಿ ಹತ್ರ ಬರೆಸಿ, ಬರೆದವಳ ಹೆಸರೂ ಅದರ ಕೆಳಗೆ ಹಾಕಿಸಿ.